ವಿಕಿರಣ ಕೆಲಸದಲ್ಲಿ ರೆಸ್ಪಿರೇಟರ್ ಬಳಕೆ: ಲಾಭ ಮತ್ತು ನಷ್ಟ

ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಹಾಗೂ ಜಗಳೂರು ತಾಲ್ಲೂಕುಗಳಲ್ಲಿ ಪರಮಾಣು ಸ್ಥಾವರವಾಗಲೀ ಯುರೇನಿಯಂ ಗಣಿಯಾಗಲೀ ಇರುವುದಿಲ್ಲ. ಆದಾಗ್ಯೂ, ಕಾರವಾರ ತಾಲ್ಲೂಕಿನ ಕೈಗಾದಂತಹ ಸ್ಥಾವರಗಳ ಕೆಲಸಕ್ಕೆ ಅರ್ಜಿ ಸಲ್ಲಿಸುವವರು ಈ ಕೆಳಕಂಡ ವಿಷಯವನ್ನು ಅರಿತಿರುವುದು ಅವಶ್ಯಕ.

ವಿಕಿರಣವು ದೇಹವನ್ನು ಎರಡು ಬಗೆಯಲ್ಲಿ ತಲುಪುತ್ತದೆ. ಕೊಳವೆ, ಯಂತ್ರಗಳಿಂದ ಹೊರಸೂಸುವ ಗಾಮಾ ಕಿರಣವು ಹೊರಗಿನಿಂದ ಬರುತ್ತದೆ; ವಿಕಿರಣಶೀಲ ಧೂಳು ಉಸಿರಿನೊಡನೆ ಒಳಸೇರುತ್ತದೆ. ರೆಸ್ಪಿರೇಟರ್ ಎಂಬ ಮುಖಗವಸು ಎರಡನೆಯದನ್ನು ಮಾತ್ರ ತಡೆಯುತ್ತದೆ. ಅದನ್ನು ಧರಿಸಿದವರಿಗೆ ನೋಟ ಕುಗ್ಗುತ್ತದೆ, ಮಾತು ಕೇಳಿಸದು, ಸೆಕೆ ಹೆಚ್ಚುತ್ತದೆ. ಪರಿಣಾಮವಾಗಿ ಕೆಲಸ ನಿಧಾನವಾಗಿ, ಗಾಮಾ ಕಿರಣದ ಎದುರು ನಿಲ್ಲುವ ಅವಧಿ ಬೆಳೆಯುತ್ತದೆ.

ಉದಾಹರಣೆಗೆ, ಒಂದು ಗಂಟೆಯ ದುರಸ್ತಿಯಲ್ಲಿ ಹೊರಗಿನಿಂದ 0.40, ಧೂಳಿನಿಂದ 0.05, ಒಟ್ಟು 0.45 ಮಿಲಿಸೀವರ್ಟ್ ತಗಲುವುದೆಂದು ಭಾವಿಸೋಣ. ಮುಖಗವಸಿನಿಂದ ಅದೇ ಕೆಲಸಕ್ಕೆ 75 ನಿಮಿಷ ಹಿಡಿದರೆ ಹೊರಗಿನ ಪಾಲೊಂದೇ 0.50 ಆಗುತ್ತದೆ. ಇಲ್ಲಿ ರಕ್ಷಣಾ ಸಾಧನವೇ ನಷ್ಟಕ್ಕೆ ಕಾರಣ. ಆದರೆ ಹೊರಗಿನಿಂದ 0.10, ಧೂಳಿನಿಂದ 0.60 ಇರುವೆಡೆ, ಧೂಳನ್ನು ಐವತ್ತನೇ ಒಂದು ಭಾಗಕ್ಕೆ ಇಳಿಸುವ ಮುಖಗವಸು ಒಟ್ಟು ಪ್ರಮಾಣವನ್ನು 0.70ರಿಂದ ಸುಮಾರು 0.14ಕ್ಕೆ ತಗ್ಗಿಸುತ್ತದೆ. ಆದುದರಿಂದ ಗಾಳಿಯನ್ನು ಮೊದಲೇ ಅಳೆಯದೆ ಎಲ್ಲರಿಗೂ ಮುಖಗವಸು ತೊಡಿಸುವುದನ್ನು ಎಚ್ಚರಿಕೆ ಎನ್ನಲಾಗದು.

ಭಾರಜಲ ಸ್ಥಾವರಗಳಲ್ಲಿನ ಟ್ರಿಟಿಯಂ ಆವಿಯು ಚರ್ಮದ ಮೂಲಕವೂ ಒಳಸೇರುವುದರಿಂದ ಸಾಮಾನ್ಯ ಶೋಧಕ ಮುಖಗವಸು ನಿರುಪಯುಕ್ತ; ಗಾಳಿ ಹಾಯಿಸಿದ ಪ್ಲಾಸ್ಟಿಕ್ ಉಡುಪು ಬೇಕಾಗುತ್ತದೆ. 2009ರ ನವೆಂಬರ್‌ನಲ್ಲಿ ಕೈಗಾದಲ್ಲಿ ಟ್ರಿಟಿಯಂ ಸೇರಿದ್ದು ಕುಡಿಯುವ ನೀರಿನ ಕೂಲರ್‌ಗೆ. ಕಾರ್ಮಿಕರ ಮೂತ್ರ ಪರೀಕ್ಷೆಯಿಂದ ಅದು ಬೆಳಕಿಗೆ ಬಂದಿತು. ಯಾವ ಮುಖಗವಸೂ ಅದನ್ನು ತಡೆಯುತ್ತಿರಲಿಲ್ಲ. ಎಕ್ಸ್-ರೇ ಕೊಠಡಿಯಲ್ಲಿಯೂ ಅದರಿಂದ ಪ್ರಯೋಜನವಿಲ್ಲ. ಅಲ್ಲಿ ಬೇಕಾದದ್ದು ಸೀಸದ ಏಪ್ರನ್ ಮತ್ತು ದೂರ.

ಹೃದಯ ಅಥವಾ ಶ್ವಾಸಕೋಶದ ತೊಂದರೆ, ಆಸ್ತಮಾ ಇರುವ ಅರ್ಜಿದಾರರು ವೈದ್ಯಕೀಯ ತಪಾಸಣೆಯಲ್ಲಿ ಅದನ್ನು ಮರೆಮಾಚತಕ್ಕದ್ದಲ್ಲ. ಗಡ್ಡವಿದ್ದಲ್ಲಿ ಮುಖಗವಸು ಮುಖಕ್ಕೆ ಬಿಗಿಯಾಗಿ ಕೂರುವುದಿಲ್ಲ. ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯು ಕಾರ್ಮಿಕರಿಗೆ ನಿಗದಿಪಡಿಸಿರುವ ಮಿತಿ ಐದು ವರ್ಷಗಳಿಗೆ ಒಟ್ಟು 100 ಮಿಲಿಸೀವರ್ಟ್; ಯಾವುದೇ ಒಂದು ವರ್ಷದಲ್ಲಿ 30 ಮೀರುವಂತಿಲ್ಲ. ಹೊರಗಿನದೂ ಒಳಗಿನದೂ ಈ ಲೆಕ್ಕಕ್ಕೆ ಸೇರುತ್ತವೆ. 2004ರ ವಿಕಿರಣ ಸಂರಕ್ಷಣಾ ನಿಯಮಗಳ ಮೇರೆಗೆ ಕಾರ್ಮಿಕರು ತಮ್ಮ ದಾಖಲೆಯನ್ನು ಪರಿಶೀಲಿಸಿ, ಅದರ ಪ್ರತಿಯನ್ನು ಉದ್ಯೋಗದಾತರಿಂದ ಕೋರಬಹುದಾಗಿದೆ. ಗುತ್ತಿಗೆ ಬದಲಾಗುವ ಮುನ್ನ ಈ ಪ್ರತಿಯನ್ನು ಪಡೆದಿಟ್ಟುಕೊಳ್ಳುವುದು ಸೂಕ್ತ.