ಬೆರಳು ಓಡಿದರೆ ತಲೆ ಓಡಿದ ಹಾಗಲ್ಲ

‘ನಮ್ಮ ಹುಡುಗನಿಗೆ ಮೊಬೈಲ್‌ನಲ್ಲಿ ಗೊತ್ತಿಲ್ಲದ್ದೇ ಇಲ್ಲ ಕಣ್ರೀ, ನನಗೇ ಹೇಳಿಕೊಡ್ತಾನೆ.’ ಕನಕಪುರದ ಬಸ್ಸಿನಲ್ಲಿ, ಮಾಗಡಿಯ ಮದುವೆ ಮನೆಯಲ್ಲಿ, ಎಲ್ಲಿ ಹೋದರೂ ಇದೇ ಮಾತು. ಹೇಳುವವರ ಮುಖ ನೋಡಿದರೆ ಮಗನಿಗೆ ಆಗಲೇ ಕೆಲಸದ ಆರ್ಡರ್ ಬಂದಂತಿರುತ್ತದೆ. ಈ ಕಾಲದಲ್ಲಿ ಹುಟ್ಟಿದ ಮಕ್ಕಳಿಗೆ ಕಂಪ್ಯೂಟರ್ ತಾನಾಗಿ ಬರುತ್ತದಂತೆ! 2001ರಲ್ಲಿ ಅಮೆರಿಕದ ಲೇಖಕ ಮಾರ್ಕ್ ಪ್ರೆನ್ಸ್ಕಿ ಇಂಥವರನ್ನು ‘ಡಿಜಿಟಲ್ ನೇಟಿವ್’ ಎಂದು ಕರೆದ. ಹೆಸರು ಸಿಕ್ಕಿದ್ದೇ ತಡ, ಜನ ನಂಬಿಬಿಟ್ಟರು.

2018ರಲ್ಲಿ ಹಲವು ದೇಶಗಳ ಎಂಟನೇ ತರಗತಿ ಮಕ್ಕಳ ಕಂಪ್ಯೂಟರ್ ತಿಳಿವಳಿಕೆಯನ್ನು ಪರೀಕ್ಷಿಸಿದರು. ಸಿಕ್ಕ ಮಾಹಿತಿಯನ್ನು ತೂಗಿ ನೋಡಿ ಬಳಸುವ ಮೇಲಿನ ಹಂತ ಮುಟ್ಟಿದವರು ನೂರಕ್ಕೆ ಇಬ್ಬರು. ನಮ್ಮ ದೇಶದ ಹಳ್ಳಿಗಳಲ್ಲಿ 14ರಿಂದ 18 ವರ್ಷದವರನ್ನು ‘ಅಸರ್’ ಸಮೀಕ್ಷೆ 2023ರಲ್ಲಿ ಮಾತಾಡಿಸಿತು. ಹತ್ತರಲ್ಲಿ ಹೆಚ್ಚೂಕಮ್ಮಿ ಒಂಬತ್ತು ಮಂದಿಯ ಮನೆಯಲ್ಲಿ ಸ್ಮಾರ್ಟ್‌ಫೋನ್ ಇತ್ತು, ಬಳಸಲೂ ಬರುತ್ತಿತ್ತು. ಆದರೆ ಸಮೀಕ್ಷೆಗೆ ಸಿಕ್ಕವರಲ್ಲಿ ಸುಮಾರು ಕಾಲು ಭಾಗದವರಿಗೆ ತಮ್ಮದೇ ಭಾಷೆಯ ಎರಡನೇ ತರಗತಿ ಪಾಠ ತಡವರಿಸದೆ ಓದಲು ಬರಲಿಲ್ಲ. ಮೂರಂಕಿಯ ಭಾಗಾಕಾರದಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಸೋತರು.

ಭಾಗಾಕಾರ ಫೋನೇ ಮಾಡುತ್ತದಲ್ಲ ಅಂತೀರಾ? ರಾಮನಗರದ ರೇಷ್ಮೆ ಗೂಡಿನ ಮಾರುಕಟ್ಟೆಗೆ ಬನ್ನಿ. ಇಲ್ಲೀಗ ಹರಾಜು ಮೊಬೈಲ್‌ನಲ್ಲೇ. ರೇಟು ಒತ್ತಲು ಒಂದು ಬೆರಳು ಸಾಕು. ಎಷ್ಟು ಒತ್ತಬೇಕು? ಕೆಜಿಗೆ 600 ರೂಪಾಯಿ ಗೂಡು ಎನ್ನಿ. ರೆಂಡಿಟ್ಟಾ ಏಳಾದರೆ, ಅಂದರೆ ಏಳು ಕೆಜಿ ಗೂಡಿಗೆ ಒಂದು ಕೆಜಿ ನೂಲು ಬಂದರೆ, ಗೂಡಿನ ಖರ್ಚೇ 4,200. ಎಂಟಾದರೆ 4,800. ಕೂಲಿ, ಸೌದೆ ಬೇರೆ. ಏಳೋ ಎಂಟೋ ಎಂಬುದನ್ನು ನೂಲು ತೆಗೆಯುವ ರೀಲರ್ ಲಾಟಿಗೆ, ಅಂದರೆ ಗೂಡಿನ ರಾಶಿಗೆ, ಕೈ ಹಾಕಿ, ಗೂಡು ಎತ್ತಿ, ಕಿವಿ ಹತ್ತಿರ ಅಲ್ಲಾಡಿಸಿ ಅಂದಾಜು ಮಾಡುತ್ತಾನೆ. ಆ್ಯಪ್ ಬಂದು ಹರಾಜು ಕೂಗುವುದು ನಿಂತಿತು, ಲೆಕ್ಕ ನಿಲ್ಲಲಿಲ್ಲ. ನಾಳೆ ರೆಂಡಿಟ್ಟಾನೂ ಯಂತ್ರವೇ ಹೇಳಲಿ. ಅದು ತಪ್ಪು ಹೇಳಿದಾಗ ಹಿಡಿಯುವವರು ಯಾರು?

ಇಂಥ ನಂಬಿಕೆಗಳು ಇನ್ನೂ ಇವೆ. ಒಂದನೇ ತರಗತಿಯಿಂದಲೇ ಕೋಡಿಂಗ್ ಕಲಿಯದಿದ್ದರೆ ಮಗು ಹಿಂದೆ ಬೀಳುತ್ತದೆ ಎನ್ನುವುದು ಫೀಸು ವಸೂಲಿಯ ಮಾತು. ರೋಬೊ ಬಂದ ಮೇಲೆ ಕೈಕೆಲಸಕ್ಕೆ ಬೆಲೆಯಿಲ್ಲ ಎನ್ನುವವರು ಬಿಡದಿ ನೋಡಲಿ: ಅಲ್ಲಿನ ಕಾರು ಕಂಪನಿ ಟೊಯೊಟಾ 2007ರಿಂದ ಎಸ್ಸೆಸ್ಸೆಲ್ಸಿ ಮುಗಿಸಿದ ಬಡ ಹಳ್ಳಿ ಮಕ್ಕಳಿಗೆ ಕೈಕೆಲಸದಲ್ಲೇ ಮೂರು ವರ್ಷದ ತರಬೇತಿ ಕೊಡುತ್ತಿದೆ.

ಕೆಜಿ ಗೂಡಿಗೆ ಐದು ರೂಪಾಯಿ ಕಮ್ಮಿಯಾದರೆ ಲಾಟು ಕೊಡದೆ ಜಗಳಕ್ಕೆ ನಿಲ್ಲುವ ಜನ ನಾವು. ಅದೇ ನಾವು ಶಾಲೆಯ ಗೇಟಿನ ಮೇಲೆ ‘ಸ್ಮಾರ್ಟ್’, ‘ಎಐ’ ಎಂದು ಬರೆದಿದ್ದರೆ ತುಟಿ ಬಿಚ್ಚದೆ ಡೊನೇಷನ್ ಕಟ್ಟಿ ಬರುತ್ತೇವೆ. ಎಷ್ಟು ಕಂಪ್ಯೂಟರ್ ಚಾಲೂ ಇವೆ, ವಾರಕ್ಕೆ ಎಷ್ಟು ಹೊತ್ತು ಮಗು ಅದನ್ನು ಮುಟ್ಟುತ್ತದೆ, ಕಲಿಸುವ ಮೇಷ್ಟ್ರು ಯಾರು? ಕೇಳಿದವರುಂಟೇ?

ಇನ್ನೊಂದು ಸಲ ಮಗನನ್ನು ಹೊಗಳುವ ಮುಂಚೆ ಫೋನ್ ಅವನ ಕೈಗೇ ಕೊಟ್ಟು, ಸರ್ಕಾರದ ‘ಭೂಮಿ’ ಜಾಲತಾಣದಲ್ಲಿ ನಿಮ್ಮ ಜಮೀನಿನ ಪಹಣಿ ಹುಡುಕಲು ಹೇಳಿ. ಎಷ್ಟು ಎಕರೆ, ಎಷ್ಟು ಗುಂಟೆ, ಯಾವ ಬ್ಯಾಂಕಿನ ಸಾಲ ನಮೂದಾಗಿದೆ, ಅವನೇ ಓದಿ ಹೇಳಲಿ.