ಗಾಳಿ ಹೋದ ಮೇಲೂ ಓಡುವ ಟೈರು

ಸೆಕೆಂಡ್‌ಹ್ಯಾಂಡ್ ಜರ್ಮನ್ ಕಾರು ಕೊಂಡವರಿಗೆ ಮೊದಲ ದೊಡ್ಡ ಖರ್ಚು ಕಾದಿರುವುದು ಸಾಮಾನ್ಯವಾಗಿ ಟೈರಂಗಡಿಯಲ್ಲಿ. ನಾಲ್ಕೂ ಟೈರು ಸವೆದಿವೆ. ಅಂಗಡಿಯವನು ಬಗ್ಗಿ, ಮಗ್ಗುಲ ಮೇಲಿನ ಅಕ್ಷರಗಳನ್ನು ಓದಿ ಕೇಳುತ್ತಾನೆ: "ರನ್‌ಫ್ಲಾಟೇ ಹಾಕೋದಾ ಸಾರ್, ಇಲ್ಲ ನಾರ್ಮಲ್ಲಾ?" ಎರಡರ ಬೆಲೆಯಲ್ಲೂ ಕಣ್ಣಿಗೆ ಹೊಡೆಯುವಷ್ಟು ಅಂತರ. ನಾರ್ಮಲ್ಲೇ ಸಾಕು ಎನ್ನೋಣವೆಂದರೆ, ಡಿಕ್ಕಿಯ ತಳ ಎತ್ತಿ ನೋಡಿದಾಗ ಸ್ಟೆಪ್ನಿ ಇಲ್ಲ, ಜಾಕಿಯೂ ಇಲ್ಲ. ಗಾಳಿ ಹೋದರೂ ಈ ಕಾರು ಓಡುತ್ತದೆ ಎಂಬ ನಂಬಿಕೆಯ ಮೇಲೆಯೇ ಕಂಪನಿ ಅದನ್ನು ಕಟ್ಟಿದೆ.

ಅಂಗಡಿಯವನಿಗೆ ಉತ್ತರ ಹೇಳುವ ಮೊದಲು, ಟೈರು ಕಾರನ್ನು ಹೊರುವುದು ಹೇಗೆಂದು ನೋಡಬೇಕು. ಒಳಗಿನ ಗಾಳಿ ರಿಮ್ಮನ್ನು ಕೆಳಗಿನಿಂದ ಎತ್ತಿ ಹಿಡಿದಿದೆ ಎಂದೇ ಬಹಳ ಜನರ ಎಣಿಕೆ. ಆದರೆ ಗಾಳಿಯ ಒತ್ತಡ ರಿಮ್ಮಿನ ಸುತ್ತಲೂ ಒಂದೇ ಸಮ. ಕೆಳಗಿನಿಂದ ಎಷ್ಟು ತಳ್ಳುತ್ತದೋ ಮೇಲಿನಿಂದಲೂ ಅಷ್ಟೇ ತಳ್ಳುತ್ತದೆ. ಲೆಕ್ಕ ಸೊನ್ನೆಗೆ ಸೊನ್ನೆ. ಹಾಗಾದರೆ ಭಾರ ಹೊರುವುದು ಯಾವುದು?

ಟೈರಿನ ಮಗ್ಗುಲೊಳಗೆ ಪಾಲಿಯೆಸ್ಟರ್ ಇಲ್ಲವೇ ರೇಯಾನಿನ ಹುರಿಗಳು ಒತ್ತೊತ್ತಾಗಿ ಹಾದು, ರಿಮ್ಮಿಗೆ ಕಚ್ಚಿಕೊಂಡಿರುವ ಉಕ್ಕಿನ ತಂತಿಯ ಬಳೆಗೆ ಸುತ್ತಿಕೊಂಡಿರುತ್ತವೆ. ಗಾಳಿ ತುಂಬಿದಾಗ ಹುರಿಗಳೆಲ್ಲ ಬಿಗಿದು ರಿಮ್ಮನ್ನು ಸುತ್ತ ಎಲ್ಲ ದಿಕ್ಕಿಗೂ ಎಳೆಯುತ್ತವೆ. ನೆಲ ಮುಟ್ಟಿದ ಕಡೆ ಮಾತ್ರ ಮಗ್ಗುಲು ಉಬ್ಬಿ, ರಿಮ್ಮಿನ ಮೇಲೆ ಹುರಿಗಳ ಕೆಳಮುಖ ಎಳೆತ ಕಡಿಮೆಯಾಗುತ್ತದೆ. ಮೇಲ್ಭಾಗದ ಎಳೆತ ಮೊದಲಿನಷ್ಟೇ ಉಳಿಯುತ್ತದೆ. ಕಾರಿನ ತೂಕವನ್ನು ಹಿಡಿದಿರುವುದು ಈ ವ್ಯತ್ಯಾಸ. ಸೈಕಲ್ಲಿನ ಸಣಕಲು ಕಡ್ಡಿಗಳು ಸವಾರನನ್ನು ಹೊರುವುದೂ ಇದೇ ಉಪಾಯದಿಂದ. ಎಂದರೆ ಕಾರು ಟೈರಿನ ಮೇಲೆ ಕುಳಿತಿಲ್ಲ, ಟೈರಿನೊಳಗೆ ತೂಗುಬಿದ್ದಿದೆ. ಗಾಳಿಯ ಕೆಲಸ ಹುರಿಗಳನ್ನು ಬಿಗಿಯಾಗಿಡುವುದು.

ಮೊಳೆ ಚುಚ್ಚಿ ಗಾಳಿ ಹೋಯಿತೆನ್ನಿ. ಹುರಿಗಳ ಬಿಗಿ ತಪ್ಪುತ್ತದೆ. ಎಳೆತಕ್ಕೆ ಜಗ್ಗದ ಹುರಿ, ಅದುಮಿದರೆ ಕ್ಷಣವೂ ನಿಲ್ಲುವುದಿಲ್ಲ. ಮಗ್ಗುಲು ಮಡಚಿಕೊಂಡು, ಮೇಲಿನಿಂದ ರಿಮ್ಮು ಅದನ್ನು ಅರೆಯತೊಡಗುತ್ತದೆ. ಒಂದೆರಡು ಕಿಲೋಮೀಟರ್ ಹಾಗೇ ಓಡಿಸಿದರೂ ಸಾಕು, ಆ ಟೈರು ಗುಜರಿಗೆ.

ರನ್‌ಫ್ಲಾಟ್ ಮಾಡುವವರು ಈ ಮಗ್ಗುಲೊಳಗೆ ಬಿದಿಗೆ ಚಂದ್ರನ ಆಕಾರದ ದಪ್ಪ, ಗಡಸು ರಬ್ಬರನ್ನು ಕೂಡಿಸುತ್ತಾರೆ. ಗಾಳಿ ಇರುವಾಗ ತೂಗುವ ಕೆಲಸ ಮಾಡುವ ಮಗ್ಗುಲು, ಗಾಳಿ ಹೋದ ಮೇಲೆ ಕಂಬವಾಗಿ ನಿಂತು ಹೊರುತ್ತದೆ. ಕಲ್ಪನೆ ಹೊಸದಲ್ಲ. ಬ್ರಿಟನ್ನಿನ ಡನ್‌ಲಪ್ 1970ರ ದಶಕದಲ್ಲೇ ಡೆನೊವೊ ಎಂಬ ಟೈರನ್ನು ಬೇರೆ ಬಗೆಯ ತಂತ್ರದಿಂದ ಮಾಡಿತ್ತು. 1987ರಲ್ಲಿ ಪೋರ್ಷೆ 959 ಕಾರಿಗೆ ಬ್ರಿಜ್‌ಸ್ಟೋನ್ ರನ್‌ಫ್ಲಾಟ್ ಕೊಟ್ಟಿತು. ಇದನ್ನು ಮಾಮೂಲಿಯಾಗಿಸಿದ್ದು ಮಾತ್ರ 2000ರ ದಶಕದ ಬಿಎಂಡಬ್ಲ್ಯೂ.

ಆದರೆ ಕಂಬವಾಗಿ ನಿಲ್ಲುವ ರಬ್ಬರಿಗೆ ಒಂದು ಶಾಪವಿದೆ. ನೆಲಕ್ಕೆ ಬಂದ ಭಾಗ ಬಾಗಬೇಕು, ದಾಟಿದ ಕೂಡಲೇ ನೆಟ್ಟಗಾಗಬೇಕು. ಬಾಗಿಸಲು ಹಾಕಿದ ಶಕ್ತಿಯನ್ನು ರಬ್ಬರು ಪೂರ್ತಿ ಹಿಂದಿರುಗಿಸುವುದಿಲ್ಲ. ಒಂದು ಪಾಲನ್ನು ಬಿಸಿಯಾಗಿ ಇಟ್ಟುಕೊಳ್ಳುತ್ತದೆ. 225/50 ಆರ್17 ಅಳತೆಯ ಟೈರಿನ ಸುತ್ತಳತೆ ಸುಮಾರು 2.06 ಮೀಟರ್. ಗಂಟೆಗೆ 80 ಕಿ.ಮೀ. ವೇಗದಲ್ಲಿ ಅದು ಸೆಕೆಂಡಿಗೆ ಹತ್ತಕ್ಕೂ ಹೆಚ್ಚು ಸುತ್ತು ಹಾಕುತ್ತದೆ. 80 ಕಿ.ಮೀ. ಮುಗಿಯುವಷ್ಟರಲ್ಲಿ ಮಗ್ಗುಲಿನ ಪ್ರತಿ ಭಾಗವೂ ಸುಮಾರು 39 ಸಾವಿರ ಬಾರಿ ಬಾಗಿ ಎದ್ದಿರುತ್ತದೆ. ಅಷ್ಟೂ ಬಿಸಿಯನ್ನು ರಬ್ಬರು ತಡೆಯಬೇಕು. ಬ್ರಿಜ್‌ಸ್ಟೋನ್ ಕೆಲವು ಟೈರುಗಳ ಮಗ್ಗುಲಿಗೆ ಗಾಳಿ ಕಲಕಿ ತಂಪಾಗಿಸುವ ಸಣ್ಣ ಏಣುಗಳನ್ನೇ ಮೂಡಿಸಿತ್ತು. ಕಂಪನಿಗಳು ಸಾಮಾನ್ಯವಾಗಿ ಹೇಳುವ 80 ಕಿ.ಮೀ. ದೂರ, ಗಂಟೆಗೆ 80 ಕಿ.ಮೀ. ವೇಗ ಎಂಬ ಮಿತಿಯ ಹಿಂದಿರುವುದು ಈ ಬಿಸಿಯೇ. ಐದು ಜನ ಕುಳಿತು, ಡಿಕ್ಕಿ ತುಂಬಿಸಿ, ಏಪ್ರಿಲ್ಲಿನ ಕಾದ ಡಾಂಬರಿನ ಮೇಲೆ ಹೋಗುವವರು ಆ 80ನ್ನು ಪೂರ್ತಿ ನಂಬದಿರುವುದು ಒಳ್ಳೆಯದು.

ಇನ್ನೊಂದು ತೊಂದರೆ ಪಂಕ್ಚರ್ ಆಗದ ದಿನಗಳದ್ದು. ವರ್ಷಕ್ಕೊಮ್ಮೆ ಬೇಕಾಗುವ ಕಂಬ ಉಳಿದ ದಿನವೆಲ್ಲ ಗಡುಸಾಗಿಯೇ ಇರುತ್ತದೆ. ಹಂಪು, ರಸ್ತೆಯ ಕೀಲು, ಕಿತ್ತ ಜಲ್ಲಿ ಎಲ್ಲದರ ಏಟು ಸೀಟಿಗೆ ಬರುತ್ತದೆ. ಟೈರಿನ ತೂಕವೂ ಹೆಚ್ಚು. ಸಸ್ಪೆನ್ಷನ್ನಿನ ಕೆಳಗೆ ಕುಣಿಯುವ ತೂಕ ಹೆಚ್ಚಿದಷ್ಟೂ ಚಕ್ರ ನೆಲ ಬಿಟ್ಟು ಹಾರದಂತೆ ಹಿಡಿಯುವುದು ಕಷ್ಟ. ಒಂದು ಸಂಗತಿ ನನಗೆ ಅರ್ಥಗರ್ಭಿತವಾಗಿ ಕಾಣುತ್ತದೆ: ಮಾಮೂಲಿ 3 ಸೀರೀಸಿಗೆ ರನ್‌ಫ್ಲಾಟ್ ಹಾಕಿದ ಬಿಎಂಡಬ್ಲ್ಯೂ, ಅದರ ಓಟದ ತಮ್ಮನಾದ ಎಂ3ಗೆ ಸಾದಾ ಟೈರನ್ನೇ ಕೊಟ್ಟು ಕಳಿಸುತ್ತಿತ್ತು.

ನಮ್ಮ ಗುಂಡಿಗಳ ವಿಷಯಕ್ಕೆ ಬರೋಣ. ಗುಂಡಿಯ ಅಂಚು ಬಡಿದಾಗ ಸಾದಾ ಟೈರಿನ ಮಗ್ಗುಲು ರಿಮ್ಮಿಗೂ ಅಂಚಿಗೂ ನಡುವೆ ಸಿಕ್ಕಿ, ಒಳಗಿನ ಹುರಿ ಹರಿಯಬಹುದು. ಮರುದಿನ ಅಲ್ಲಿ ಬುಗುಟು ಎದ್ದಿರುತ್ತದೆ; ಅಂಥ ಟೈರನ್ನು ಬದಲಿಸದೆ ದಾರಿಯಿಲ್ಲ. ರನ್‌ಫ್ಲಾಟಿನ ದಪ್ಪ ಮಗ್ಗುಲು ಏಟನ್ನು ತಾನು ನುಂಗದೆ ಅಲಾಯ್ ರಿಮ್ಮಿಗೆ ದಾಟಿಸುತ್ತದೆ. ರಿಮ್ಮು ಬೆಂಡಾಗುತ್ತದೆ, ಕೆಲವೊಮ್ಮೆ ಸೀಳುತ್ತದೆ. ಬೈಗುಳವೆಲ್ಲ ರನ್‌ಫ್ಲಾಟಿಗೇ ಸಲ್ಲುತ್ತದೆ. ನನ್ನ ಮಟ್ಟಿಗೆ ಅರ್ಧ ತಪ್ಪು ದೊಡ್ಡ ರಿಮ್ಮು, ಗಿಡ್ಡ ಮಗ್ಗುಲಿನ ಷೋಕಿಯದ್ದು. 19 ಇಂಚಿನ ರಿಮ್ಮು ತೊಡಿಸಿದರೆ ಸಾದಾ ಟೈರೂ ಗುಂಡಿಯನ್ನು ಕ್ಷಮಿಸುವುದಿಲ್ಲ.

ಬಿ.ಎಚ್. ರಸ್ತೆಯಲ್ಲೋ ನೈಸ್ ರಸ್ತೆಯ ಇಳಿಜಾರಿನ ಬಳಿಯೋ ಪಂಕ್ಚರ್ ಆದರೆ, ಟ್ಯೂಬ್‌ಲೆಸ್ ಟೈರಿಗೆ ಸ್ಟ್ರಿಪ್ ತುರುಕಿ ಹತ್ತು ನಿಮಿಷದಲ್ಲಿ ಕಳಿಸಿಕೊಡುವ ಅಂಗಡಿ ಹತ್ತಿರದಲ್ಲೇ ಇರುತ್ತದೆ. ಈ ಅಂಗಡಿಗಳ ಜಾಲವಿರುವ ಕಡೆ ರನ್‌ಫ್ಲಾಟಿನ ಲಾಭ ಅರ್ಧಕ್ಕರ್ಧ ಕರಗುತ್ತದೆ. ಅದು ಬೇಕೆನಿಸುವುದು ರಾತ್ರಿಯ ಶಿರಾಡಿ ಘಾಟಿಯಲ್ಲಿ. ಮಳೆ, ಲಾರಿ ಸಾಲು, ನಿಲ್ಲಿಸಲು ಜಾಗವಿಲ್ಲದ ತಿರುವು. ಸಕಲೇಶಪುರದಿಂದ ಮಂಗಳೂರು ಮುಟ್ಟಲು 80 ಕಿ.ಮೀ. ಸಾಲದು, ಆದರೆ ಘಾಟಿ ಇಳಿದು ಬೆಳಕಿರುವ ಊರು ಸೇರಲು ಧಾರಾಳ ಸಾಕು. ಸೇರಿದ ಮೇಲೆ ಬೇರೆ ಪಜೀತಿ: ನಿಮ್ಮ ಅಳತೆಯ ರನ್‌ಫ್ಲಾಟ್ ಆ ಊರಿನಲ್ಲಿ ಸಿಗುವ ಸಂಭವ ಕಡಿಮೆ. ಗಾಳಿಯಿಲ್ಲದೆ ಓಡಿದ ಟೈರಿನ ಒಳಗಿನ ಹಾನಿ ಹೊರಗಿನಿಂದ ಕಾಣದ ಕಾರಣ, ಅದಕ್ಕೆ ಪಂಕ್ಚರ್ ಹಾಕಿಸಿ ಮುಂದುವರಿಯಬೇಡಿ ಎಂದೇ ಹೆಚ್ಚಿನ ಕಂಪನಿಗಳ ಮಾತು. ಅಮೆರಿಕದಲ್ಲಿ ಮಿಷೆಲಿನ್ನಿನ ಪ್ಯಾಕ್ಸ್ ಎಂಬ ವ್ಯವಸ್ಥೆಗೆ ಎಡವಟ್ಟಾದದ್ದೂ ಇಲ್ಲೇ. ರಿಮ್ಮಿನ ಸುತ್ತ ಆಸರೆಯ ಉಂಗುರವಿದ್ದ ಆ ಟೈರು ಹೋಂಡಾ ಒಡಿಸ್ಸಿಯ ಕೆಲವು ಮಾದರಿಗಳಿಗೆ ಬಂತು. ಅದನ್ನು ಬಿಚ್ಚಿ ಹಾಕಬಲ್ಲ ಅಂಗಡಿಗಳು ಸಾಕಷ್ಟಿರಲಿಲ್ಲ. ಕೊನೆಗೆ ಕಂಪನಿಯೇ ಕೈಬಿಟ್ಟಿತು.

ಆದ್ದರಿಂದ ಊರೊಳಗೆ ಓಡಾಟವೇ ಹೆಚ್ಚಾದವರಿಗೆ ನಾನು ಸಾದಾ ಟೈರನ್ನೇ ಹೇಳುತ್ತೇನೆ. ರಾತ್ರಿ ಒಬ್ಬರೇ ಹೆದ್ದಾರಿ ಹಿಡಿಯುವವರು, ಚಕ್ರ ಬಿಚ್ಚಲು ಮೈಯಲ್ಲಿ ಶಕ್ತಿಯಿಲ್ಲದವರು ರನ್‌ಫ್ಲಾಟಿಗೆ ಕೊಟ್ಟ ಹಣ ದಂಡವಲ್ಲ.

ಸಾದಾ ಟೈರಿಗೆ ಬದಲಾಗುವವರು ಉಳಿಸಿದ ಹಣದಲ್ಲಿ ಒಂದಿಷ್ಟನ್ನು ಸಣ್ಣ ಪಂಪು ಮತ್ತು ಪಂಕ್ಚರ್ ಕಿಟ್‌ಗೆ ಎತ್ತಿಡಬೇಕು. ಆದರೆ ಮಗ್ಗುಲು ಹರಿದರೆ ಕಿಟ್ ಕೆಲಸಕ್ಕೆ ಬಾರದು. ಜಾಗ ಬಿಟ್ಟುಕೊಡುವ ಮನಸ್ಸಿದ್ದರೆ ತೆಳು ಸ್ಟೆಪ್ನಿ, ಜಾಕಿ, ಪಾನಾ ಡಿಕ್ಕಿಗೆ ಬರಲಿ. ಇದೇ ಸಂದರ್ಭದಲ್ಲಿ ರಿಮ್ಮನ್ನು ಒಂದಿಂಚು ಇಳಿಸಬಹುದು: 225/50 ಆರ್17ರ ಬದಲು 205/60 ಆರ್16 ಹಾಕಿದರೆ ಹೊರಗಿನ ವ್ಯಾಸ ಶೇ. 1ಕ್ಕಿಂತ ಕಡಿಮೆ ಬದಲಾಗುತ್ತದೆ, ಮಗ್ಗುಲು ಒಂದು ಸೆಂಟಿಮೀಟರ್ ಎತ್ತರವಾಗುತ್ತದೆ. ಬ್ರೇಕಿನ ಕ್ಯಾಲಿಪರ್ ಒಳಗೆ ತಾಗುವುದಿಲ್ಲವೆಂದು ಮೊದಲು ನೋಡಿಕೊಳ್ಳಬೇಕು. ಅಳತೆಯ ಮುಂದಿನ ಅಂಕಿ ಹೊರುವ ಭಾರದ್ದು. 94 ಎಂದರೆ ಒಂದು ಟೈರಿಗೆ 670 ಕೆ.ಜಿ. ಕಾರಿನ ಪುಸ್ತಕ ಹೇಳಿದ್ದಕ್ಕಿಂತ ಅದು ಕಡಿಮೆಯಾಗಕೂಡದು.

ಎರಡು ಸವೆದಿವೆಯೆಂದು ಹಿಂದೆ ರನ್‌ಫ್ಲಾಟ್, ಮುಂದೆ ಸಾದಾ ಹಾಕಿಸುವುದು ಬೇಡ. ತಿರುವಿನಲ್ಲಿ ಎರಡು ಕಡೆಯ ಟೈರೂ ಎರಡು ರೀತಿ ಬಾಗಿ ಕಾರಿನ ಹಿಡಿತ ಏರುಪೇರಾಗುತ್ತದೆ. ರನ್‌ಫ್ಲಾಟ್ ಉಳಿಸಿಕೊಂಡವರು ಗಾಳಿಯ ಎಚ್ಚರಿಕೆ ದೀಪ ಕೆಟ್ಟಿದ್ದರೆ ಮೊದಲು ರಿಪೇರಿ ಮಾಡಿಸಬೇಕು, ಏಕೆಂದರೆ ಈ ಟೈರು ಗಾಳಿ ಹೋದರೂ ನೋಡಲು ನೆಟ್ಟಗೇ ನಿಂತಿರುತ್ತದೆ. ಕೆಲವು ಕಾರುಗಳಲ್ಲಿ ಚಕ್ರದೊಳಗೆ ಸೆನ್ಸರೇ ಇರುವುದಿಲ್ಲ. ಗಾಳಿ ಇಳಿದ ಚಕ್ರದ ತ್ರಿಜ್ಯ ಕಿರಿದಾಗಿ ಅದು ಉಳಿದವಕ್ಕಿಂತ ತುಸು ಬೇಗ ಸುತ್ತುತ್ತದೆ. ಎಬಿಎಸ್ ಅದನ್ನು ಎಣಿಸಿ ದೀಪ ಹೊತ್ತಿಸುತ್ತದೆ. ಯಾವ ಬಗೆಯ ಟೈರು ಹಾಕಿಸಿದರೂ, ಸರಿಯಾಗಿ ಗಾಳಿ ಹಿಡಿಸಿದ ಮೇಲೆ ಆ ವ್ಯವಸ್ಥೆಯನ್ನು ರೀಸೆಟ್ ಮಾಡದಿದ್ದರೆ ಅದು ಹಳೆಯ ಟೈರಿನ ಲೆಕ್ಕವನ್ನೇ ಹಿಡಿದು ಕೂತಿರುತ್ತದೆ.