ಪೋರ್ಟ್ ಗ್ಯಾಂಬಲ್: ಒಬ್ಬನೇ ಒಡೆಯನ ಊರು

ಅಮೆರಿಕದ ವಾಷಿಂಗ್‌ಟನ್ ರಾಜ್ಯದಲ್ಲಿ, ಕಿಟ್ಸಾಪ್ ಪರ್ಯಾಯದ್ವೀಪದ ಉತ್ತರಭಾಗದ ಕೊಲ್ಲಿಯೊಂದರ ಮುಖದಲ್ಲಿ, ಪೋರ್ಟ್ ಗ್ಯಾಂಬಲ್ ಎಂಬ ಸಣ್ಣ ಗ್ರಾಮವೊಂದುಂಟು. ಚಿನ್ನದ ಆಸೆಗೆ ಜನ ಮುಗಿಬಿದ್ದಿದ್ದ ಸ್ಯಾನ್ ಫ್ರಾನ್ಸಿಸ್ಕೋ ನಗರಕ್ಕೆ ಮನೆ ಕಟ್ಟುವ ಹಲಗೆ ಎಷ್ಟಿದ್ದರೂ ಸಾಲದುದನ್ನು ಕಂಡ ಪೋಪ್ ಮತ್ತು ಟಾಲ್ಬಟ್ ಎಂಬ ವರ್ತಕರು, ದಟ್ಟವಾದ ಅರಣ್ಯವು ನೀರಿನಂಚಿನವರೆಗೂ ಇಳಿದಿದ್ದ ಈ ಸ್ಥಳವನ್ನು ಆರಿಸಿಕೊಂಡು, 1853ರಲ್ಲಿ ಉಗಿಯಂತ್ರದಿಂದ ದಿಮ್ಮಿ ಕೊಯ್ಯುವ ಕಾರ್ಖಾನೆಯೊಂದನ್ನು ಹೂಡಿದರು.

ಅವರು ಖಂಡದ ಇನ್ನೊಂದು ತುದಿಯ ಮೇನ್ ಪ್ರಾಂತದವರು. ಕೆಲಸಗಾರರನ್ನೂ ಅಲ್ಲಿಂದಲೇ ಬಹುಮಟ್ಟಿಗೆ ಕರೆತಂದುದರಿಂದ, ಊರೂ ತವರಿನ ಮಾದರಿಯಲ್ಲೇ ಎದ್ದಿತು. ಇಲ್ಲಿಯ ಚರ್ಚು ಕೂಡ ಈಸ್ಟ್ ಮಚಾಯಸ್ ಎಂಬ ಅವರ ಊರಿನ ಚರ್ಚಿನ ಪ್ರತಿಕೃತಿ. ಮನೆಗಳು, ಅಂಗಡಿ, ನೆಲ ಎಲ್ಲವೂ ಕಂಪನಿಯ ಸ್ವತ್ತು. ಕೂಲಿ ಕೊಡುವವನೂ ಬಾಡಿಗೆ ಪಡೆಯುವವನೂ ಒಬ್ಬನೇ. ಇಂಥ ವ್ಯವಸ್ಥೆಯನ್ನು ಹೊಗಳಲು ನನಗೆ ಮನಸ್ಸಿಲ್ಲ. ಆದರೂ ಆ ಏಕಸ್ವಾಮ್ಯವೇ ಊರಿನ ರೂಪ ಕೆಡದಂತೆ ಉಳಿಸಿತೆಂಬುದನ್ನು ಒಪ್ಪದೆ ವಿಧಿಯಿಲ್ಲ. 1966ರಲ್ಲಿ ಇದು ರಾಷ್ಟ್ರೀಯ ಐತಿಹಾಸಿಕ ಸ್ಥಳವೆಂಬ ಮನ್ನಣೆಯನ್ನು ಪಡೆದಾಗ, ಕೆಳಗೆ ದಡದಲ್ಲಿ ಗರಗಸಗಳು ಇನ್ನೂ ಓಡುತ್ತಲೇ ಇದ್ದುವು.

ಕಾರ್ಖಾನೆ ಎದ್ದ ನೆಲವು ಬರಿದಾಗಿರಲಿಲ್ಲ. ಅಲ್ಲಿ ನೆಲಸಿದ್ದ ಸ್‌ಕ್ಲಾಲಮ್ ಎಂಬ ಮೂಲನಿವಾಸಿ ಜನರು ಕೊಲ್ಲಿಯ ಎದುರುದಡದ ಪಾಯಿಂಟ್ ಜೂಲಿಯಾ ಎಂಬ ಮರಳುದಿಬ್ಬಕ್ಕೆ ಸರಿಯಬೇಕಾಯಿತು. ಪ್ರತಿಯಾಗಿ ದೊರೆತುದು ಗುಡಿಸಲಿಗೆ ಹಲಗೆ, ದುಡಿಯುವವರಿಗೆ ಮಿಲ್ಲಿನಲ್ಲಿ ಕೂಲಿ. ಸರ್ಕಾರದೊಡನೆ ಆದ 1855ರ ಒಪ್ಪಂದವು ಅವರು ದೂರದ ಸ್ಕೋಕೋಮಿಶ್ ಪ್ರದೇಶಕ್ಕೆ ಹೋಗಬೇಕೆಂದು ವಿಧಿಸಿದ್ದರೂ, ಅನೇಕರು ಆ ದಡವನ್ನು ಬಿಟ್ಟು ಕದಲಲಿಲ್ಲ. ಅವರಿಗೆ ಸ್ವಂತದ್ದೆಂದು ಭೂಮಿ ಮೀಸಲಾಗಲು 1938ರವರೆಗೆ ಕಾಯಬೇಕಾಯಿತು.

ಕಾರ್ಖಾನೆಯು 142 ವರ್ಷಗಳ ಬಳಿಕ 1995ರಲ್ಲಿ ಮುಚ್ಚಿತು. ಕೊಲ್ಲಿಯಲ್ಲಿ ಉಳಿದುದು ಕೊಳೆತ ಮರದ ಹೊಟ್ಟು ಮತ್ತು ಕ್ರಿಯೊಸೋಟ್ ಎಣ್ಣೆ ಹಚ್ಚಿದ ಸಾವಿರಾರು ಕಂಬಗಳು. ಬಿಳಿಯ ಮನೆಗಳ ನಡುವೆ ಇಂದು ಮದುವೆಯ ದಿಬ್ಬಣಗಳು ಬರುತ್ತವೆ, ಪ್ರವಾಸಿಗರು ಫೋಟೋ ತೆಗೆದುಕೊಳ್ಳುತ್ತಾರೆ. ಆದರೆ ಮೀನು ಚಿಪ್ಪುಗಳನ್ನು ನೆಚ್ಚಿದ ಎದುರುದಡದವರಿಗೆ ಮನೆಗಳ ಅಂದಕ್ಕಿಂತ ನೀರಿನ ಶುದ್ಧಿಯೇ ಮುಖ್ಯವಾಗಿದ್ದಿತು. ಆ ಕಂಬಗಳನ್ನು ಕೀಳುವ ದೊಡ್ಡ ಕಾರ್ಯವು 2015ರಲ್ಲಿ ಆರಂಭವಾಯಿತು.